ನಿಂತ ನೀರಿನ ಪಾಠ

ಸಹೃದಯ ವಾಚಕ ಮಹಾಶಯರೇ, ಮಹಾಶಯೆಯರೇ,

ಮುಂದೆ ನಿವೇದಿಸಲಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಗುಪ್ತನಿಧಿಯಿಲ್ಲ, ಮುಸುಕು ಧರಿಸಿದ ಸುಂದರಿಯೂ ಇಲ್ಲ ಎಂಬುದನ್ನು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಬಸ್ ನಿಲ್ದಾಣದ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಹರಡಿ ಮಾರುವ, ರಟ್ಟು ಕಿತ್ತುಹೋದ ಕಾದಂಬರಿಗಳೇ ನನ್ನ ವಿದ್ಯಾಪೀಠ. ಅಂತಹ ಸಾಮಗ್ರಿಯಿಲ್ಲದ ಕಥೆ ಕಥೆಯೇ ಅಲ್ಲವೆಂದು ನಾನೂ ಬಹುಕಾಲ ನಂಬಿದ್ದೆ. ಎಪ್ಪತ್ತು ಹೆಜ್ಜೆಗೆ ಮುಗಿದುಹೋಗುವಷ್ಟು ಅಗಲದ ಸಮುದ್ರವೊಂದು ಆ ನಂಬಿಕೆಯನ್ನು ತೊಳೆದುಹಾಕಿತು. ಅದರ ಕಥೆಯೇ ಇದು.

ನನಗಾಗ ಮೂವತ್ತಾರು ವರ್ಷ. ಲಾರಿಯ ಕ್ಲೀನರ್, ಫೋಟೋ ಸ್ಟುಡಿಯೋದ ಸಹಾಯಕ, ಹೋಟೆಲಿನ ಮಾಣಿ, ಸರ್ಕಸ್ಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವ, ಹೀಗೆ ಹನ್ನೊಂದು ಉದ್ಯೋಗಗಳನ್ನು ಹಿಡಿದು ಹನ್ನೊಂದನ್ನೂ ನಡುವೆಯೇ ಕೈಬಿಟ್ಟಿದ್ದೆ. ಯಾರೂ ನನ್ನನ್ನು ಓಡಿಸಿದ್ದಲ್ಲ. ಕಾಲುಗಳು ತಾವಾಗಿಯೇ ಹೊರಡುತ್ತಿದ್ದವು. ಕಡೆಗೆ ನನ್ನ ಅಕ್ಕ ಕಿವಿ ಹಿಂಡಿ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿಸಿದಳು.

"ನೋಡು, ಮೇಷ್ಟ್ರ ಸರ್ಟಿಫಿಕೇಟ್ ಒಂದಿದ್ರೆ ಯಾವ ದೇಶದಲ್ಲಾದ್ರೂ ಕೆಲಸ ಸಿಗತ್ತೆ. ನೀನು ಹೇಗೂ ಅಲೆಯೋನೇ, ಕೈಯಲ್ಲೊಂದು ಕಾಗದ ಹಿಡ್ಕೊಂಡು ಅಲಿ," ಎಂದಿದ್ದಳು. "ಹುಟ್ಟಿದಾಗಿನಿಂದ ಒಂದನ್ನಾದ್ರೂ ಪೂರ್ತಿ ಮುಗಿಸಿದೀಯೇನೋ ಪುಣ್ಯಾತ್ಮ? ತಟ್ಟೆಯಲ್ಲಿರೋ ಊಟ ಬಿಟ್ಟು?"

ತರಬೇತಿಯ ಕೊನೆಯ ಹತ್ತು ವಾರ ಯಾವುದಾದರೊಂದು ಶಾಲೆಯಲ್ಲಿ ಪಾಠ ಮಾಡಬೇಕು. ಪರೀಕ್ಷಕರೊಬ್ಬರು ಬಂದು ಒಂದು ಪಾಠವನ್ನು ನೋಡಿ ತೇರ್ಗಡೆ ಮಾಡಬೇಕು. ಶಾಲೆಯನ್ನು ಆರಿಸಿಕೊಳ್ಳಿರೆಂದು ಪಟ್ಟಿ ಹಿಡಿದಾಗ, ಅತ್ಯಂತ ಕೆಳಗೆ, ಯಾರೂ ಬೆರಳಿಡದ ಸಾಲಿನಲ್ಲಿ ಒಂದು ಹೊರದೇಶದ ದ್ವೀಪವಿತ್ತು. ಹಡಗಿನಲ್ಲಿ ಮೂರು ದಿನ, ಅನಂತರ ದೋಣಿಯಲ್ಲಿ ಅರ್ಧ ದಿನ. ಮೂರು ತಲೆಮಾರುಗಳ ಹಿಂದೆ ಹೋಗಿ ನೆಲೆಸಿದ ನಮ್ಮವರು ಅಲ್ಲಿ ಇಂದಿಗೂ ನಮ್ಮ ಮಾತನ್ನೇ ಆಡುತ್ತಾರೆಂದು ಅಡಿಟಿಪ್ಪಣಿಯಿತ್ತು. ನಾನು ಆ ಸಾಲಿನ ಮೇಲೆ ಬೆರಳನ್ನಲ್ಲ, ಇಡೀ ಅಂಗೈಯನ್ನೇ ಇಟ್ಟೆ.

ಬಂದಿಳಿದ ಮರುದಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸರಿಯಾಗಿ ಒಂಬತ್ತು ಗಂಟೆಗೆ ತರಗತಿಯಲ್ಲಿ ನಿಂತೆ. ತಗಡಿನ ಮಾಡು, ಎಂಟು ಬೆಂಚು, ಒಂದು ಮೂಲೆ ಒಡೆದ ಕಪ್ಪುಹಲಗೆ, ಕಿಟಕಿಯಾಚೆ ತೆಂಗಿನ ಮರಗಳ ಸಾಲು, ಅದರಾಚೆ ಬಿಸಿಲಿಗೆ ಕಣ್ಣು ಚುಚ್ಚುವ ನೀರು. ಮೇಜಿನ ಮೇಲೆ ದ್ವೀಪದ ಏಕೈಕ ದೂರವಾಣಿಯಿತ್ತು. ಅದು ಸತ್ತು ಎಷ್ಟೋ ವರ್ಷಗಳಾಗಿ, ಈಗ ಹಾಜರಿ ಪುಸ್ತಕ ಗಾಳಿಗೆ ಹಾರದಂತೆ ಅದರ ಮೇಲೆ ಕೂತಿತ್ತು. ಮಕ್ಕಳು ಮಾತ್ರ ಒಬ್ಬರೂ ಇರಲಿಲ್ಲ. ಒಂದು ಏಡಿ ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ಅಡ್ಡಡ್ಡಲಾಗಿ ಹೊರಟುಹೋಯಿತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಹೊರಗೆ ದೋಣಿಕಟ್ಟೆಯ ಮೇಲೆ ಕುಳಿತು, ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದರು. ಊರಿಗೆಲ್ಲ ಅವರು ದೊಡ್ಡ ಟೀಚರ್. ಶಾಲೆಯಲ್ಲಿದ್ದ ಶಿಕ್ಷಕಿ ಅವರೊಬ್ಬರೇ ಆದ್ದರಿಂದ ಚಿಕ್ಕ ಟೀಚರ್ ಯಾರೂ ಇರಲಿಲ್ಲ.

"ಮೇಡಂ, ಒಂಬತ್ತಾಯಿತು. ಮಕ್ಕಳೆಲ್ಲಿ?" ಎಂದೆ.

"ಒಂಬತ್ತು ಎಲ್ಲಾಯಿತು?"

"ನನ್ನ ಗಡಿಯಾರದಲ್ಲಿ."

"ನೀರಲ್ಲಿ ಇನ್ನೂ ಆಗಿಲ್ಲ. ಕೂತ್ಕೊಳ್ಳಿ, ಮೂರನೇ ಮೆಟ್ಟಿಲು ಕಾಣ್ಲಿ," ಎಂದು ಅವರು ತಲೆಯೆತ್ತದೆ ಇನ್ನೊಂದು ಲೆಕ್ಕಕ್ಕೆ ಕೆಂಪು ಗೆರೆ ಎಳೆದರು.

ಆಗ ತಿಳಿದ ವಿಷಯವನ್ನು ವಾಚಕರಿಗೂ ತಿಳಿಸಿಬಿಡುತ್ತೇನೆ. ಆ ಊರು ಎರಡು ತುಂಡು. ಶಾಲೆ, ಅಂಗಡಿ, ದೋಣಿಕಟ್ಟೆ ಎಲ್ಲ ಈಚೆದಡದಲ್ಲಿ, ಎದುರಿಗೆ ಆಚೆದಡ. ನಡುವೆ ಹರಿಯುವ ಸಮುದ್ರದ ಕವಲಿಗೆ ನಡುನೀರು ಎಂದು ಹೆಸರು. ಸಮುದ್ರ ಇಳಿದಾಗ ನಡುನೀರು ಬತ್ತಿ ಮರಳು ತೇಲುತ್ತದೆ. ಆಚೆದಡದ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಶಾಲೆಗೆ ಬರುತ್ತಾರೆ. ಸಮುದ್ರ ಏರಿದಾಗ ಅಲ್ಲಿ ಎರಡಾಳು ನೀರು. ಸೆಳೆತವಿರಲಿ ಇಲ್ಲದಿರಲಿ, ಆ ನೀರಿನಲ್ಲಿ ಮಕ್ಕಳನ್ನು ದೋಣಿ ಹತ್ತಿಸಬಾರದೆಂದು ಹಿಂದೊಮ್ಮೆ ದೋಣಿ ಮಗುಚಿದ ದಿನದಿಂದ ಊರೇ ಮಾಡಿಕೊಂಡ ಕಟ್ಟಳೆ. ಹೀಗಾಗಿ ಕಟ್ಟೆಯ ಮೂರನೇ ಮೆಟ್ಟಿಲು ಕಂಡಾಗ ದೊಡ್ಡ ಟೀಚರ್ ಗಂಟೆ ಬಾರಿಸುತ್ತಾರೆ, ಮೆಟ್ಟಿಲು ಮತ್ತೆ ಮುಳುಗುವ ಮುನ್ನ ಶಾಲೆ ಬಿಡುತ್ತದೆ. ನೀರು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಇಳಿಯುವುದರಿಂದ ಶಾಲೆಯೂ ದಿನಕ್ಕೆ ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಶಾಲೆಯೇ ಹೀಗೆ ಅಲೆಮಾರಿಯಾಗಿರುವುದನ್ನು ಕಂಡು ನನಗೆ ಸ್ವಂತ ಮನೆಗೆ ಬಂದಂತಾಯಿತು. ಮಕ್ಕಳು ಮಾತ್ರ ಮೊದಲ ದಿನದ ನನ್ನ ಪಾಡನ್ನು ಕೇಳಿ ನನಗೆ ಗಡಿಯಾರದ ಮೇಷ್ಟ್ರು ಎಂದು ಹೆಸರಿಟ್ಟರು.

ನಾನು ಉಳಿದುಕೊಂಡದ್ದು ಒಬ್ಬ ಹೊಲಿಗೆಯಾಕೆಯ ಮನೆಯ ಹಿಂದಿನ ಕೋಣೆಯಲ್ಲಿ. ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆ. ದಿನವಿಡೀ ಮಷಿನ್ ತುಳಿಯುತ್ತಿದ್ದ ಚಿಕ್ಕಮ್ಮ, ಸಮುದ್ರ ತುಂಬಿದ ಹೊತ್ತಿಗೆ ಸರಿಯಾಗಿ ಎದ್ದು, ಕೊರಳಲ್ಲಿದ್ದ ಅಳತೆಯ ಟೇಪನ್ನೂ ತೆಗೆಯದೆ ದಡಕ್ಕೆ ಓಡುತ್ತಿದ್ದರು. ಮೊದಲ ಸಲ ಏನೋ ಅನಾಹುತವಾಯಿತೆಂದು ನಾನೂ ಹಿಂದೆಯೇ ಓಡಿದೆ.

ಸಮುದ್ರ ಪೂರ್ತಿ ತುಂಬಿದ ಮೇಲೆ, ಮತ್ತೆ ಇಳಿಯಲು ಹೊರಡುವ ಮುನ್ನ, ಸುಮಾರು ಅರ್ಧ ಗಂಟೆ ನಡುನೀರು ಅಲ್ಲಾಡದೆ ನಿಲ್ಲುತ್ತದೆ. ಸೆಳೆತವಿಲ್ಲ, ಸದ್ದಿಲ್ಲ, ಎಣ್ಣೆ ಸುರಿದಂತೆ ನುಣ್ಣಗಿರುತ್ತದೆ. ಆಗ ಈ ದಡದಲ್ಲಿ ಆಡಿದ ಮಾತು ಪಕ್ಕದ ಕೋಣೆಯಲ್ಲಿ ಆಡಿದಂತೆ ಆ ದಡಕ್ಕೆ ಕೇಳಿಸುತ್ತದೆ. ಎರಡೂ ದಡದ ಹೆಂಗಸರು, ಗಂಡಸರು ಆ ಅರ್ಧ ಗಂಟೆಯಲ್ಲಿ ತಮ್ಮ ವ್ಯವಹಾರವನ್ನೆಲ್ಲ ಮುಗಿಸಿಕೊಳ್ಳುತ್ತಾರೆ. ಚಿಕ್ಕಮ್ಮನ ತಂಗಿಯನ್ನು ಆಚೆದಡಕ್ಕೆ ಮದುವೆ ಮಾಡಿಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅಕ್ಕತಂಗಿಯರು ಇಪ್ಪತ್ತೆರಡು ವರ್ಷಗಳಿಂದಲೂ ಒಂದು ಬಾಣಲೆಯ ವಿಚಾರವಾಗಿ ಜಗಳವಾಡುತ್ತಿದ್ದರು.

"ಅದು ಅಮ್ಮ ನನಗೆ ಕೊಟ್ಟಿದ್ದು ಕಣೇ! ವಾಪಸ್ ಕಳ್ಸು!" ಎಂದು ಚಿಕ್ಕಮ್ಮ ಕೂಗುತ್ತಿದ್ದರು.

"ಕೊಟ್ಟಿದ್ದು ನನ್ನ ಕೈಗೆ! ನಿನ್ನ ಕಣ್ಣಿಗೆ ಕೊಟ್ಟಿರಬೇಕು!"

"ಮಗಳ ಜ್ವರ ಹೇಗಿದೆ?"

"ಬಿಡ್ತು! ನಿನ್ನ ಸೊಂಟನೋವು?"

"ಹಾಗೇ ಇದೆ! ಬಾಣಲೆ ಕೊಟ್ರೆ ಹೋಗತ್ತೆ!"

ಅಷ್ಟರಲ್ಲಿ ನೀರು ತಿರುಗಿತೆಂದರೆ ಸೆಳೆತದ ಗದ್ದಲದಲ್ಲಿ ಮಾತು ಮುಳುಗಿಹೋಗುತ್ತಿತ್ತು. ಚಿಕ್ಕಮ್ಮ ಅತ್ಯಂತ ತೃಪ್ತಿಯಿಂದ ಮನೆಗೆ ಬಂದು ಮಷಿನ್ ತುಳಿಯತೊಡಗುತ್ತಿದ್ದರು.

ಎಂಟು ವಾರಗಳು ಸುಖವಾಗಿ ಕಳೆದವು. ನನ್ನ ನಾಲ್ಕೈದನೆಯ ತರಗತಿಯಲ್ಲಿ ಈಚೆಯವರು ಹನ್ನೊಂದು, ಆಚೆಯವರು ಹದಿಮೂರು, ಒಟ್ಟು ಇಪ್ಪತ್ತನಾಲ್ಕು ಮಕ್ಕಳು. ಈಚೆಯವರ ಪೈಕಿ ಎಲ್ಲರಿಗಿಂತ ಎತ್ತರದ ಹುಡುಗನಿಗೆ ಕೊಕ್ಕರೆ ಎಂದು ಹೆಸರು. ಆಚೆಯವರ ಪೈಕಿ ಎಲ್ಲರಿಗಿಂತ ಗಿಡ್ಡ ಹುಡುಗಿಗೆ ವಕೀಲೆ ಎಂದು ಹೆಸರು, ಮೂರು ಮೂರಲಿ ಒಂಬತ್ತು ಎಂದರೂ "ಯಾಕೆ ಸಾರ್?" ಎಂದು ಕೇಳುವುದು ಅವಳ ಪದ್ಧತಿ. ನೀರಿನ ಏರಿಳಿತದ ಪಟ್ಟಿಯನ್ನು ನಾನು ಎಷ್ಟು ಶ್ರದ್ಧೆಯಿಂದ ಕಲಿತೆನೆಂದರೆ, ಇನ್ನು ಹತ್ತು ದಿನಕ್ಕೆ ಎಷ್ಟು ಗಂಟೆಗೆ ಮರಳು ತೇಲುತ್ತದೆಂದು ಬಾಯಲ್ಲೇ ಹೇಳಬಲ್ಲವನಾದೆ. ಆ ವಿದ್ಯೆಯ ಮದದಲ್ಲಿಯೇ ಎಡವಿದ್ದು.

ಕಾಲೇಜಿನ ಕೈಪಿಡಿಯಲ್ಲಿ ಆ ವರ್ಷ ಹೊಸ ನಿಯಮವೊಂದು ಸೇರಿತ್ತು. ಪರೀಕ್ಷೆಯ ಪಾಠಕ್ಕೆ ಕನಿಷ್ಠ ಇಪ್ಪತ್ತು ಮಕ್ಕಳಿರಬೇಕು. ಇಲ್ಲದಿದ್ದರೆ ಇಡೀ ತರಬೇತಿಯನ್ನು ಮತ್ತೊಂದು ವರ್ಷ ಮಾಡಬೇಕು. ಮತ್ತೊಂದು ವರ್ಷ ಒಂದೇ ಬೆಂಚಿನಲ್ಲಿ ಕೂರುವ ಜಾಯಮಾನ ನನ್ನದಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಪಾಠ ಕೈಜಾರಿದರೆ ನಾನು ಹನ್ನೆರಡನೆಯ ಉದ್ಯೋಗವನ್ನೂ ಬಿಟ್ಟು ಹೊರಟುಬಿಡುವುದು ಶತಸ್ಸಿದ್ಧ. ಆದ್ದರಿಂದ ಇಪ್ಪತ್ತನಾಲ್ಕು ಮಕ್ಕಳೂ ಖಂಡಿತ ಇರುವ ದಿನವನ್ನು ಪಟ್ಟಿ ನೋಡಿ ಹುಡುಕಿದೆ. ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನೀರು ಪೂರ್ತಿ ಇಳಿಯುತ್ತಿತ್ತು. ರೇವುಪಟ್ಟಣದಲ್ಲಿದ್ದ ಪರೀಕ್ಷಕರಿಗೆ ಬರೆದೆ. ವಾರಕ್ಕೊಮ್ಮೆ ಬರುವ ದೋಣಿ ಅವರ ಉತ್ತರವನ್ನು ತಂದಿತು: ತಮ್ಮ ಸೂಚನೆಯಂತೆ ಬರುವ ಮಂಗಳವಾರ ಹತ್ತು ಗಂಟೆಯ ಪಾಠಕ್ಕೆ ಹಾಜರಾಗುತ್ತೇನೆ.

ಪತ್ರವನ್ನು ಬಾವುಟದಂತೆ ಹಿಡಿದು ದೊಡ್ಡ ಟೀಚರ್ ಬಳಿಗೆ ಹೋದೆ. ಅವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

"ಹತ್ತು ಗಂಟೆಗೆ ಬರ್ತಾರಾ?"

"ಹೌದು ಮೇಡಂ. ನೀರು ಪೂರ್ತಿ ಇಳಿದಿರತ್ತೆ. ಮಕ್ಕಳೆಲ್ಲ ಇರ್ತಾರೆ."

"ಮಕ್ಕಳಿರ್ತಾರೆ. ಇವರು ಹೇಗೆ ಬರ್ತಾರೆ? ಮರಳ ಮೇಲೆ ತೆವಳ್ಕೊಂಡಾ?"

ಆಗಲೇ ನನಗೆ ಹೊಳೆದದ್ದು. ದೋಣಿ ಕಟ್ಟೆಗೆ ಬರಬೇಕಾದರೆ ನೀರು ತುಂಬಿರಬೇಕು. ಮಕ್ಕಳು ಬರಬೇಕಾದರೆ ನೀರು ಇಳಿದಿರಬೇಕು. ನಾನು ಮಕ್ಕಳ ಲೆಕ್ಕವನ್ನು ಮಾಡಿ ದೋಣಿಯ ಲೆಕ್ಕವನ್ನು ಮರೆತಿದ್ದೆ. ಪರೀಕ್ಷಕರ ದೋಣಿ ಬರುವುದು ಮಧ್ಯಾಹ್ನದ ಮೇಲೆ, ಮೂರೂವರೆಗೆ. ಆ ಹೊತ್ತಿಗೆ ಆಚೆಯ ಹದಿಮೂರು ಮಕ್ಕಳು ಮನೆ ಸೇರಿರುತ್ತಾರೆ. ಈಚೆಯೇ ಉಳಿಸಿಕೊಂಡರೆ ರಾತ್ರಿಯವರೆಗೆ ಮತ್ತೆ ಮರಳು ತೇಲುವುದಿಲ್ಲ. ಈಚೆ ಉಳಿಯುವವರು ಹನ್ನೊಂದೇ. ದಿನಾಂಕ ಬದಲಿಸೋಣವೆಂದರೆ, ಆ ವಾರದ ದೋಣಿ ಆಗಲೇ ವಾಪಸ್ ಹೋಗಿಯಾಗಿತ್ತು, ನನ್ನ ಪತ್ರವನ್ನು ಒಯ್ಯಬೇಕಾದ ಮುಂದಿನ ದೋಣಿಯಲ್ಲಿಯೇ ಅವರು ಬಂದಿಳಿಯುತ್ತಾರೆ.

"ಒಂದು ರಾತ್ರಿ ಇಲ್ಲೇ ಉಳೀರಿ ಅಂತ ಕೇಳ್ಕೊಂಡ್ರೆ?" ಎಂದೆ.

"ಹನ್ನೊಂದು ವರ್ಷದಿಂದ ನೋಡ್ತಿದೀನಿ. ಶಾಲೆ ನೋಡಕ್ಕೆ ಬಂದ ಅಧಿಕಾರಿ ಒಬ್ಬರೂ ಉಳಿದಿಲ್ಲ. ಮುಂದಿನ ದ್ವೀಪದಲ್ಲಿ ಅತಿಥಿಗೃಹ ಇದೆ, ಫ್ಯಾನ್ ಇದೆ. ಒಂದು ಗಂಟೆ ಇಲ್ಲಿ ಕೂತು, ಅದೇ ದೋಣಿಯಲ್ಲಿ ಅಲ್ಲಿಗೆ ಹೋಗಿ ಮಲಗ್ತಾರೆ. ಮರುದಿನ ದೋಣಿ ಈ ದಾರಿಯಲ್ಲೇ ವಾಪಸ್ ಬರುವಾಗ ಇಳಿಯೋದೂ ಇಲ್ಲ, ಕೈ ಬೀಸ್ಕೊಂಡು ಹೋಗ್ತಾರೆ." ಪತ್ರವನ್ನು ಮಡಿಸಿ ಕೊಟ್ಟು, ಸ್ವಲ್ಪ ಮೆತ್ತಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ನೀರಿನ ಪಟ್ಟಿ ಓದಕ್ಕೆ ಬಂತಲ್ಲ, ಅದು ಇಲ್ಲಿನ ಅರ್ಧ ಜನಕ್ಕೆ ಬರಲ್ಲ."

ಭಾನುವಾರ ನಡುನೀರು ನಿಂತಾಗ ಚಿಕ್ಕಮ್ಮನ ಹಿಂದೆ ದಡಕ್ಕೆ ಹೋಗಿ ಸುಮ್ಮನೆ ಕುಳಿತೆ. ಬಾಣಲೆಯ ಜಗಳ ಎಂದಿನಂತೆ ಆರಂಭವಾಗಿತ್ತು. ನಡುವೆ ಚಿಕ್ಕಮ್ಮ ಹೊಸ ರವಿಕೆಯ ಕತ್ತರಿಕೆಯನ್ನು ತಂಗಿಗೆ ಹೇಳಿಕೊಡತೊಡಗಿದರು. ಬಟ್ಟೆಯನ್ನು ಎತ್ತಿ ಹಿಡಿದು ತೋರಿಸುವುದು, "ಇಲ್ಲಿ ಮಡಿಸು, ಮಡಿಸಿದ್ಯಾ?" ಎಂದು ಕೇಳುವುದು, ಅತ್ತ ತಂಗಿಯೂ ಬಟ್ಟೆ ಎತ್ತಿ ತೋರಿಸುವುದು, "ಎಡಗಡೆ ಅಲ್ಲ ಕಣೇ, ಬಲಗಡೆ!" ಎಂದು ಇವರು ತಿದ್ದುವುದು. ತಂಗಿ ಕತ್ತರಿಸಿಯೂ ಆಯಿತು.

ನಾನು ಎದ್ದುನಿಂತೆ. ಇದಕ್ಕಿಂತ ಪಾಠ ಇನ್ನೇನಿರಲು ಸಾಧ್ಯ? ಮಕ್ಕಳು ಶಿಕ್ಷಕನ ಕಣ್ಣೆದುರು, ಕಿವಿಯಳತೆಯಲ್ಲಿ ಇದ್ದರೆ ಸಾಲದೇ? ಅವರ ನಡುವೆ ಬೆಂಚಿನ ಬದಲು ಒಂದಿಷ್ಟು ಸಮುದ್ರ ಇದ್ದರೆ ಕೈಪಿಡಿಗೇನು ನಷ್ಟ?

ಮಂಗಳವಾರ ಮೂರೂವರೆಗೆ ದೋಣಿ ಬಂತು. ಪರೀಕ್ಷಕರು ತೆಳ್ಳಗಿನ, ಬೆವರಿನಿಂದ ಹೊಳೆಯುವ, ಕಪ್ಪು ಬೂಟಿನ ಮನುಷ್ಯರು. ಇಳಿದವರೇ ಗಡಿಯಾರ ನೋಡಿಕೊಂಡರು. "ಹತ್ತು ಗಂಟೆ ಅಂತ ಬರೆದಿದ್ರಿ. ದೋಣಿಯವನು ನಕ್ಕುಬಿಟ್ಟ," ಎಂದರು. ನಾನು ತಪ್ಪೊಪ್ಪಿಕೊಂಡು, ಕುರ್ಚಿಯೊಂದನ್ನು ದಡದಲ್ಲಿ ಹಾಕಿ ಅವರನ್ನು ಕೂರಿಸಿದೆ. ನನ್ನ ಹಿಂದೆ ಹನ್ನೊಂದು ಮಕ್ಕಳು ಸಾಲಾಗಿ ನಿಂತಿದ್ದರು. ಎದುರು ದಡದಲ್ಲಿ ಹದಿಮೂರು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೀರು ನಿಂತಿತು. ನಾನು ಹಾಜರಿ ಪುಸ್ತಕ ತೆರೆದು ಕೂಗತೊಡಗಿದೆ. ಈಚೆಯಿಂದ ಹನ್ನೊಂದು "ಬಂದಿದೀನಿ ಸಾರ್" ಆಯಿತು. ಅನಂತರ ನೀರಾಚೆಯಿಂದ ಒಂದೊಂದಾಗಿ, ಸ್ಪಷ್ಟವಾಗಿ, ಹದಿಮೂರು. ಕೊನೆಯದು ವಕೀಲೆಯದು: "ನಾನು ಬಂದಿಲ್ಲ ಸಾರ್, ಇಲ್ಲೇ ಇದೀನಿ! ಬಂದಿದೀನಿ ಅಂತ ಹೇಗೆ ಹೇಳೋದು?"

ಪರೀಕ್ಷಕರ ಲೇಖನಿ ಗಾಳಿಯಲ್ಲಿ ನಿಂತಿತು. ಅವರು ಬೆರಳು ಚಾಚಿ ಆಚೆಯವರನ್ನು ಒಬ್ಬೊಬ್ಬರಾಗಿ ಎಣಿಸಿದರು. ಎರಡನೆಯ ಸಲವೂ ಎಣಿಸಿದರು. ಬಳಿಕ "ಇಪ್ಪತ್ತನಾಲ್ಕು" ಎಂದು ಬರೆದುಕೊಂಡು, "ಮುಂದುವರಿಸಿ" ಎಂದರು. ನನ್ನ ಎದೆಯ ಮೇಲಿದ್ದ ಬಂಡೆ ಅರ್ಧ ಸರಿಯಿತು.

ಪಾಠದ ವಿಷಯ ಅಳತೆ. ನಡುನೀರನ್ನು ದಾಟದೆ ಅದರ ಅಗಲವನ್ನು ಕಂಡುಹಿಡಿಯಬೇಕು. ಎರಡೂ ದಡದಲ್ಲಿ ನೀರಂಚಿಗೆ ಎದುರುಬದುರಾಗಿ ಒಂದೊಂದು ಗೂಟ ನೆಡಿಸಿದೆ. ಪ್ರತಿ ತಂಡವೂ ತನ್ನ ಗೂಟದಿಂದ ದಡದುದ್ದಕ್ಕೆ ಇಪ್ಪತ್ತು ಹೆಜ್ಜೆ ನಡೆದು ಒಂದು ಕೋಲು ನೆಡಬೇಕು. ಮತ್ತೆ ಇಪ್ಪತ್ತು ಹೆಜ್ಜೆ ನಡೆದು ನಿಲ್ಲಬೇಕು. ಅಲ್ಲಿಂದ ನೀರಿಗೆ ಬೆನ್ನಾಗಿ ನೇರ ಒಳಕ್ಕೆ ನಡೆಯುತ್ತ, ಆಗಾಗ ತಿರುಗಿ ನೋಡಬೇಕು. ನಡುವಿನ ಕೋಲೂ ಎದುರು ದಡದ ಗೂಟವೂ ಒಂದೇ ಗೆರೆಯಲ್ಲಿ ಕಂಡಾಗ ನಿಂತರೆ, ಒಳಕ್ಕೆ ನಡೆದಷ್ಟೇ ನೀರಿನ ಅಗಲ. ಈ ಉಪಾಯವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ರಸ್ತೆ ಅಳೆಯುವವರ ಜೊತೆ ಸರಪಳಿ ಎಳೆದ ನನ್ನ ಏಳನೆಯ ಉದ್ಯೋಗದಲ್ಲಿ.

ಈಚೆ ಕೊಕ್ಕರೆ ನಡೆದ. ಆಚೆ ವಕೀಲೆ ನಡೆದಳು. ಉಳಿದವರೆಲ್ಲ ದನಿಯೆತ್ತಿ ಹೆಜ್ಜೆ ಎಣಿಸಿದರು. ದಡಗಳೆರಡರಲ್ಲೂ ಜನ ಸೇರಿದ್ದರು. ಚಿಕ್ಕಮ್ಮನೂ ತಂಗಿಯೂ ಆ ದಿನ ಬಾಣಲೆಯನ್ನು ಮರೆತು ಎಣಿಸುತ್ತಿದ್ದರು.

"ಎಪ್ಪತ್ತೊಂದು!" ಎಂದ ಕೊಕ್ಕರೆ.

"ಎಂಬತ್ತಮೂರು!" ಎಂದು ನೀರಾಚೆಯಿಂದ ಉತ್ತರ ಬಂತು.

"ತಪ್ಪು! ಸರಿಯಾಗಿ ಎಣಿಸ್ರೋ!"

"ನಿಮ್ಮದೇ ತಪ್ಪು!" ವಕೀಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನಮ್ಮ ಕಡೆಯಿಂದ ದೂರ ಜಾಸ್ತಿ! ಅದಕ್ಕೇ ದಿನಾ ನಾವೇ ನಡ್ಕೊಂಡು ಬರ್ತೀವಿ, ನಿಮ್ಮಲ್ಲಿ ಒಬ್ಬರಾದ್ರೂ ಈ ಕಡೆ ಬಂದಿದೀರಾ?"

ಆಚೆದಡದ ಜನವೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ನಾನು ಕೂಗಿ ಕೇಳಿದೆ: "ಹೆಜ್ಜೆ ಯಾರದು ಅಂತ ನೋಡಿದ್ರಾ?" ಈಚೆಯ ಹುಡುಗಿಯೊಬ್ಬಳು, "ಕೊಕ್ಕರೆ ಹೆಜ್ಜೆ ದೊಡ್ಡದು ಸಾರ್, ಅವಳದ್ದು ಚಿಕ್ಕದು. ಹೆಜ್ಜೆನೂ ಅಳೀಬೇಕು," ಎಂದಳು. ಶಾಲೆಯ ಮರದ ಸ್ಕೇಲು ತಂದು ಕೊಕ್ಕರೆಯ ಹೆಜ್ಜೆ ಅಳೆದರು: ಅರವತ್ತೆಂಟು ಸೆಂಟಿಮೀಟರ್. ಅಂತಹುದೇ ಸ್ಕೇಲನ್ನು ನಾನು ಬೆಳಿಗ್ಗೆಯೇ ಆಚೆಗೆ ಕಳುಹಿಸಿದ್ದೆ, ವಕೀಲೆಯದು ಅರವತ್ತೆರಡು. ಗುಣಿಸಿದರು. ಈಚೆಯವರ ಉತ್ತರ ನಲವತ್ತೆಂಟೂಕಾಲು ಮೀಟರ್, ಆಚೆಯವರದು ಹತ್ತಿರಹತ್ತಿರ ಐವತ್ತೊಂದೂವರೆ.

"ಇದರಲ್ಲಿ ಸರಿ ಯಾವುದು?" ಎಂದು ಕೇಳಿದವರು ಪರೀಕ್ಷಕರು. ಅವರು ಯಾವಾಗ ಕುರ್ಚಿಯಿಂದ ಎದ್ದು ನೀರಂಚಿಗೆ ಬಂದಿದ್ದರೋ ನಾನು ನೋಡಿರಲಿಲ್ಲ.

"ನನಗೂ ಗೊತ್ತಿಲ್ಲ ಸಾರ್," ಎಂದೆ.

"ಶಿಕ್ಷಕರಿಗೇ ಗೊತ್ತಿಲ್ಲ ಅಂದ್ರೆ? ಪಾಠಕ್ಕೆ ಮುಕ್ತಾಯ ಬೇಕಲ್ಲ, ಅದಕ್ಕೊಂದು ಅಂಕಣವೇ ಇದೆ."

ಅಷ್ಟರಲ್ಲಿ ನೀರಿನ ಮೇಲೆ ಸಣ್ಣ ಸುಕ್ಕು ಮೂಡಿತು. ಸೆಳೆತ ತಿರುಗುತ್ತಿತ್ತು. ವಕೀಲೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ್ದು ಅರ್ಧವಷ್ಟೇ ಕೇಳಿಸಿತು: "...ನಾಳೆ ಬರುವಾಗ ಹಗ್ಗ ತರ್ತೀವಿ ಸಾರ್! ಗೂಟದಿಂದ ಗೂಟಕ್ಕೆ..." ಉಳಿದುದನ್ನು ನೀರು ನುಂಗಿತು.

ದೋಣಿಯವನು ಕಟ್ಟೆಯಿಂದ ಸಿಳ್ಳೆ ಹೊಡೆದ. "ಸಾರ್, ಹೊರಡೋಣ! ಇನ್ನು ತಡ ಮಾಡಿದ್ರೆ ನೀವು ತಳ್ಳಬೇಕಾಗತ್ತೆ!"

ಪರೀಕ್ಷಕರು ತಮ್ಮ ಕಾಗದವನ್ನು ನೋಡಿದರು. "ಪಾಠದ ಮುಕ್ತಾಯ" ಎಂಬ ಅಂಕಣ ಖಾಲಿಯಾಗಿತ್ತು. ಖಾಲಿ ಬಿಟ್ಟರೆ ನಾನು ಅನುತ್ತೀರ್ಣ. ಅದನ್ನು ಅವರು ಹೇಳಬೇಕಾಗಿರಲಿಲ್ಲ. ಅವರು ಎರಡು ಹೆಜ್ಜೆ ಕಟ್ಟೆಯ ಕಡೆ ನಡೆದರು. ನಿಂತರು. ಆಚೆಯ ಗೂಟವನ್ನು ನೋಡಿದರು, ಈಚೆಯ ಗೂಟವನ್ನು ನೋಡಿದರು. ತುಟಿಗಳಲ್ಲೇ ಏನನ್ನೋ ಗುಣಿಸಿದರು.

"ನಾಳೆ ಎಷ್ಟು ಹೊತ್ತಿಗೆ ಮರಳು ಕಾಣತ್ತೆ?"

"ಹತ್ತೂ ಐವತ್ತಕ್ಕೆ ಪೂರ್ತಿ ಇಳಿದಿರತ್ತೆ ಸಾರ್," ಎಂದೆ. ಈ ಸಲ ದೋಣಿಯ ಲೆಕ್ಕವನ್ನೂ ಸೇರಿಸಿದೆ: "ದೋಣಿ ಸಂಜೆ ಐದಕ್ಕೆ ಇಲ್ಲಿಗೆ ವಾಪಸ್ ಬರತ್ತೆ."

"ಇಪ್ಪತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. ಉತ್ತರ ಗೊತ್ತಿಲ್ಲದೆ ಹೋದ್ರೆ ಯಾವ ಫ್ಯಾನ್ ಕೆಳಗೆ ಮಲಗಿದ್ರೂ ನಿದ್ದೆ ಬರಲ್ಲ," ಎಂದು ಅವರು ದೋಣಿಯವನಿಗೆ ಕೈ ಬೀಸಿಬಿಟ್ಟರು.

ಚಿಕ್ಕಮ್ಮ ಮುಂದೆ ಬಂದು, "ಬೂಟು ಬಿಚ್ಚಿ ಸಾರ್, ಕಾಲಿಗೆ ಗಾಳಿ ಆಡ್ಲಿ. ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕ್ತೀನಿ," ಎಂದರು. ದೊಡ್ಡ ಟೀಚರ್ ನನ್ನ ಪಕ್ಕ ನಿಂತು, ತುಟಿ ಅಲುಗಿಸದೆ, "ಹನ್ನೊಂದು ವರ್ಷಕ್ಕೆ ಮೊದಲನೇ ಸಲ," ಎಂದರು.

ಮರುದಿನ ಬೆಳಿಗ್ಗೆ, ಮರಳು ತೇಲಿದಂತೆ, ಆಚೆದಡದ ಹದಿಮೂರು ಮಕ್ಕಳು ಉದ್ದದ ದೋಣಿಹಗ್ಗವೊಂದನ್ನು ಹಾವಿನಂತೆ ಹೊತ್ತು ಬಂದರು. ಗೂಟದಿಂದ ಗೂಟಕ್ಕೆ ಹಗ್ಗವನ್ನು ಬಿಗಿಯಾಗಿ ಎಳೆದು ಗುರುತು ಮಾಡಿದರು. ಆ ಹಗ್ಗವನ್ನು ಅಳೆಯಲು ಶಾಲೆಯ ಸ್ಕೇಲು ತೀರ ಚಿಕ್ಕದೆಂದು ಕೊಕ್ಕರೆ ಓಡಿಹೋಗಿ ಚಿಕ್ಕಮ್ಮನ ಟೇಪು ತಂದ. ಬೂಟಿಲ್ಲದ, ಪ್ಯಾಂಟು ಮೊಣಕಾಲಿನವರೆಗೆ ಮಡಿಸಿದ ಪರೀಕ್ಷಕರೇ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಟೇಪಿನ ಒಂದು ತುದಿ ಹಿಡಿದರು. ನೂರೈವತ್ತು ಸೆಂಟಿಮೀಟರಿನ ಟೇಪು ಮೂವತ್ತನಾಲ್ಕು ಸಲ ಮಗುಚಿತು. ಕೊನೆಯಲ್ಲಿ ಒಂದು ಗೇಣು ಕಡಿಮೆ. ಐವತ್ತು ಮೀಟರ್ ಎಂಬತ್ತು ಸೆಂಟಿಮೀಟರ್.

ಆಚೆಯವರ ಉತ್ತರವೇ ಹತ್ತಿರ. ವಕೀಲೆ ಮರಳಿನ ಮೇಲೆ ಮೂರು ಪಲ್ಟಿ ಹೊಡೆದಳು. "ಗಿಡ್ಡ ಕಾಲಾದ್ರೂ ನಿಯತ್ತಿನ ಕಾಲು ಸಾರ್!" ಎಂದಳು. ಕೊಕ್ಕರೆ ತನ್ನ ಕಾಲುಗಳನ್ನು ತಾನೇ ಅನುಮಾನದಿಂದ ನೋಡಿಕೊಂಡ.

ಪರೀಕ್ಷಕರು ಕಟ್ಟೆಯ ಮೇಲೆ ಕುಳಿತು ಕಾಗದವನ್ನು ತುಂಬಿದರು. ಕಪ್ಪುಹಲಗೆಯ ಬರಹ: ಇಲ್ಲ, ಸೊನ್ನೆ. ಶಿಸ್ತು: ಗದ್ದಲ. ಪಾಠದ ಅವಧಿ: ಹದಿನೆಂಟು ಗಂಟೆ ಐವತ್ತು ನಿಮಿಷ. ಮುಕ್ತಾಯ: ಮಕ್ಕಳೇ ಕಂಡುಕೊಂಡರು. ಫಲಿತಾಂಶ: ಉತ್ತೀರ್ಣ. ದೋಣಿ ಹತ್ತುವಾಗ ಅವರು ನನಗೊಂದು ಮಾತು ಹೇಳಿದರು: ಇನ್ನೂ ಎರಡು ದಿನದ ದಾರಿಯಾಚೆ ಒಂದು ದ್ವೀಪವಿದೆ, ನಾಲ್ಕು ವರ್ಷದಿಂದ ಅಲ್ಲಿ ಮೇಷ್ಟ್ರಿಲ್ಲ, ಯಾರೂ ಹೋಗಲೊಪ್ಪುವುದಿಲ್ಲ. ನಾನು ಹೆಸರು ಕೇಳುವ ಮೊದಲೇ ಒಪ್ಪಿಬಿಟ್ಟೆ.

ಹತ್ತು ವಾರ ತುಂಬಿದ ಮಂಗಳವಾರ ಪ್ರಮಾಣಪತ್ರವೂ ನೇಮಕದ ಆದೇಶವೂ ಒಂದೇ ಲಕೋಟೆಯಲ್ಲಿ ದೋಣಿಯಲ್ಲಿ ಬಂದವು. ಅದೇ ದೋಣಿಯಲ್ಲಿ ನಾನು ಹೊರಡಬೇಕು. "ಇಲ್ಲೇ ಇರಬಹುದಿತ್ತು," ಎಂದರು ದೊಡ್ಡ ಟೀಚರ್. "ಆದ್ರೆ ನಿಮ್ಮ ಕಾಲು ನೋಡಿದ್ರೆ ಗೊತ್ತಾಗತ್ತೆ, ಆಗಲೇ ಅರ್ಧ ದೋಣಿಯಲ್ಲಿದೆ." ನನ್ನ ಕಾದಂಬರಿಗಳ ಗಂಟನ್ನು ಅವರ ಕೈಗಿಟ್ಟೆ. ಬೇಡ ಬೇಡ ಎನ್ನುತ್ತಲೇ, ಮುಸುಕಿನ ಸುಂದರಿಯ ಎರಡನೆಯ ಭಾಗ ಇದೆಯೇ ಎಂದು ಹುಡುಕಿ ನೋಡಿದರು.

ಕೋಣೆಯಲ್ಲಿ ಎರಡು ಅಂಗಿ, ಒಂದು ಪಂಚೆ, ಅಕ್ಕನಿಗೆ ಬರೆದು ಇನ್ನೂ ಹಾಕದ ಪತ್ರ, ಇಷ್ಟನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಚಿಕ್ಕಮ್ಮ ಬಂದು ತಮ್ಮ ಕೊರಳಿನ ಟೇಪನ್ನು ತೆಗೆದು ಮೇಲಿಟ್ಟರು.

"ತಗೋ, ನೆನಪಿಗೆ ಇರಲಿ. ನಾನು ಹೊಸದು ತರಿಸ್ಕೊಂಡೆ. ಮೊದಲನೇ ಎರಡಿಂಚು ಹರಿದುಹೋಗಿದೆ ನೋಡು, ಅಳೆಯುವಾಗ ಅದನ್ನು ಲೆಕ್ಕಕ್ಕೆ ಹಿಡ್ಕೋ."

ನಾನು ಟೇಪನ್ನು ಬಿಡಿಸಿ ಅದರ ತುದಿಯನ್ನು ನೋಡಿದೆ. "ಯಾವಾಗ ಹರಿದಿದ್ದು ಚಿಕ್ಕಮ್ಮ?"

"ಎರಡು ವರ್ಷ ಆಯ್ತಪ್ಪ. ನನಗೆ ಅಭ್ಯಾಸ, ಮೂರನೇ ಇಂಚಿಂದಲೇ ಲೆಕ್ಕ ಹಿಡೀತೀನಿ. ಯಾಕೆ?"

ಎರಡು ಇಂಚೆಂದರೆ ಐದು ಸೆಂಟಿಮೀಟರ್. ಮೂವತ್ತನಾಲ್ಕು ಸಲ ಐದು, ನೂರ ಎಪ್ಪತ್ತು. ನಡುನೀರಿನ ಅಗಲ ಐವತ್ತು ಮೀಟರ್ ಎಂಬತ್ತಲ್ಲ, ನಲವತ್ತೊಂಬತ್ತು ಮೀಟರ್ ಹತ್ತು. ಹತ್ತಿರದ ಉತ್ತರ ಕೊಕ್ಕರೆಯದು. ಹೆಜ್ಜೆಗಳನ್ನು ಅಳೆದದ್ದು ಮರದ ಸ್ಕೇಲಿನಲ್ಲಿ, ಅವುಗಳಲ್ಲಿ ದೋಷವಿಲ್ಲ. ಹರಿದ ತುದಿಯನ್ನು ಹಿಡಿದವರು ಸ್ವತಃ ಪರೀಕ್ಷಕರು.

ಪ್ರಮಾಣಪತ್ರ ಜೇಬಿನಲ್ಲಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ವಕೀಲೆ ಒಂದು ವಾರದಿಂದ ನೆಲದ ಮೇಲೆ ನಡೆಯುತ್ತಲೇ ಇರಲಿಲ್ಲ. ಪೆಟ್ಟಿಗೆ ಹೊತ್ತು ಕಟ್ಟೆಯವರೆಗೆ ನಡೆಯುವಷ್ಟು ಹೊತ್ತು ನಾನು ಆ ವಿಚಾರವನ್ನು ಮಾಡಿದೆನೆಂದು ವಾಚಕರಲ್ಲಿ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಕೊಕ್ಕರೆ ಎಲ್ಲರಿಗಿಂತ ಹಿಂದೆ, ಗೂನು ಹಾಕಿಕೊಂಡು ಗಿಡ್ಡನಾಗಲು ಯತ್ನಿಸುತ್ತ ನಿಂತಿದ್ದ.

ನೀರು ನಿಂತಿತ್ತು. ಎರಡೂ ದಡದಲ್ಲಿ ಊರೆಲ್ಲ ಸೇರಿತ್ತು. ನಾನು ದೋಣಿ ಹತ್ತಿ, ಟೇಪನ್ನು ಎತ್ತಿ ಹಿಡಿದು, ಇದ್ದ ವಿಷಯವನ್ನು ಇದ್ದಂತೆ ಎರಡೂ ದಡಕ್ಕೆ ಕೇಳುವಂತೆ ಹೇಳಿದೆ.

ಈಚೆದಡದಿಂದ ಎದ್ದ ಗದ್ದಲಕ್ಕೆ ತೆಂಗಿನ ಮರದ ಕಾಗೆಗಳೆಲ್ಲ ಹಾರಿದವು. ಕೊಕ್ಕರೆಯ ಬೆನ್ನು ನೆಟ್ಟಗಾಯಿತು.

"ಒಪ್ಪಲ್ಲ ಸಾರ್!" ನೀರಾಚೆಯಿಂದ ವಕೀಲೆಯ ದನಿ ಎಲ್ಲವನ್ನೂ ಸೀಳಿಕೊಂಡು ಬಂತು. "ಟೇಪು ಈಚೆದಡದ್ದು! ಅದರ ಸಾಕ್ಷಿ ನಡೆಯಲ್ಲ! ಹೊಸ ಟೇಪಲ್ಲಿ ನಾಳೆ ಮತ್ತೆ ಅಳೀತೀವಿ!"

"ಅಳೀರಿ! ನನಗೂ ಬರೀರಿ, ಪರೀಕ್ಷಕರಿಗೂ ಬರೀರಿ!" ಎಂದು ಕೂಗಿದೆ.

"ಟೇಪು ಸರಿಯಿಲ್ಲ, ಬಾಣಲೆ ವಿಷಯದಲ್ಲೂ ಹೀಗೇ ಇರಬೇಕು!" ಎಂದು ಚಿಕ್ಕಮ್ಮನ ತಂಗಿ ಆಚೆಯಿಂದ ಕೂಗಿದರು.

"ಬಾಣಲೆಗೂ ಟೇಪಿಗೂ ಏನೇ ಸಂಬಂಧ!" ಎಂದರು ಚಿಕ್ಕಮ್ಮ, ನನ್ನ ಕಡೆ ಕೈ ಬೀಸುವುದನ್ನು ಬಿಟ್ಟು ಅತ್ತ ತಿರುಗಿ.

ದೋಣಿಯವನು ಹಗ್ಗ ಬಿಚ್ಚಿದ. ನಾನು ಪೆಟ್ಟಿಗೆಯ ಮೇಲೆ ಕುಳಿತು, ಅಕ್ಕನ ಪತ್ರದ ಕೊನೆಗೆ "ಮುಗಿಸಿದೆ" ಎಂದು ಬರೆದಿದ್ದ ಸಾಲನ್ನು ನೋಡಿದೆ. ಹೊಡೆದುಹಾಕಲಿಲ್ಲ. ಇನ್ನೊಂದು ಕಾಗದ ತೆಗೆದು "ಮಾನ್ಯ ಪರೀಕ್ಷಕರೇ, ಪಾಠದ ಅವಧಿಯನ್ನು ದಯವಿಟ್ಟು ತಿದ್ದಿಕೊಳ್ಳಬೇಕಾಗಿ" ಎಂದು ಆರಂಭಿಸುವಷ್ಟರಲ್ಲಿ ನೀರು ತಿರುಗಿತು, ದಡಗಳೆರಡರ ಮಾತೂ ಕಲಸಿಹೋಯಿತು, ದೋಣಿ ಹೊರಸಮುದ್ರಕ್ಕೆ ಮೂತಿ ತಿರುಗಿಸಿತು.